ಹಳ್ಳದ ಆಚೆಯ ತೋಟಕ್ಕೆ ಇಂಟರ್ನೆಟ್ ದಾಟಿಸುವುದು ಹೇಗೆ? ಮೂಡಿಗೆರೆ ಕಡೆ, 3.8 ಕಿ.ಮೀ.

ತೋಟದಮನೆ | ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟ. ಮನೆ ಟಾರ್ ರಸ್ತೆ ಪಕ್ಕದಲ್ಲೇ ಇದೆ. ಹೋದ ವರ್ಷ ಫೈಬರ್ ಬಂತು, 100 ಎಂಬಿಪಿಎಸ್ ಪ್ಲಾನ್. ಮನೆಯೊಳಗೆ ಏನೂ ತೊಂದರೆ ಇಲ್ಲ.

ತೊಂದರೆ ಇರುವುದು ಬೇರೆ ಎರಡು ಕಡೆ. ಒಂದು ಕಣ ಮತ್ತು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆ. ಮನೆಯಿಂದ 700 ಮೀಟರ್, ಇಳಿಜಾರಿನಲ್ಲಿ. ಇನ್ನೊಂದು ಹಳ್ಳದ ಆಚೆ ಇರುವ ಅಜ್ಜನ ಕಾಲದ ತೋಟ. ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ 3.8 ಕಿ.ಮೀ., ರಸ್ತೆಯಲ್ಲಿ ಹೋದರೆ 11. ಅಲ್ಲಿ ಆಳುಗಳ ಲೈನ್ ಮನೆಗಳಿವೆ, ತೋಟದ ಲೆಕ್ಕ ನೋಡುವ ರೈಟರ್ ಕುಟುಂಬ ಇದೆ. ಫೋನಿಗೆ ಸಿಗ್ನಲ್ ಬೇಕೆಂದರೆ ಬಂಡೆ ಹತ್ತಬೇಕು. ರೈಟರ್ ಮಗಳು ಪಿಯುಸಿ ಓದುತ್ತಿದ್ದಾಳೆ. ಬಂಡೆ ಮೇಲೆ ಕೂತು ಪಾಠ ಡೌನ್‌ಲೋಡ್ ಮಾಡಿಕೊಂಡು ಬರುತ್ತಾಳೆ. ಮಳೆಗಾಲದಲ್ಲಿ ಅದೂ ಇಲ್ಲ. ಯಾರಿಗಾದರೂ ಹಾವು ಕಚ್ಚಿದರೆ ಜೀಪು ಕಳಿಸಿ ಅಂತ ಹೇಳಲೂ ದಾರಿಯಿಲ್ಲ.

ಕಣದ್ದು ಬೇರೆ ಕಥೆ. ಈ ಕೊಯ್ಲಿನಲ್ಲಿ ಆರು ಮೂಟೆ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಕಾಣೆಯಾಯಿತು. ಅಲ್ಲಿ ಎರಡು ಕ್ಯಾಮೆರಾ ಹಾಕಲೇಬೇಕು.

ಒಂದು ಕಂಪನಿಯವರು ಬಂದು ನೋಡಿದರು. ಮನೆ ಅಂಗಳದಲ್ಲೇ ನಿಂತು, ಆಚೆ ತೋಟಕ್ಕೆ ಹೋಗದೆಯೇ, 60 ಅಡಿ ಟವರ್ ಎರಡು ಬೇಕು ಅಂತ ಎಸ್ಟಿಮೇಟ್ ಬರೆದುಕೊಟ್ಟರು. ಆ ದುಡ್ಡಿನಲ್ಲಿ ಹೊಸ ಪಲ್ಪರ್ ಬರುತ್ತದೆ. ಇರುವ ಒಂದೇ ಕನೆಕ್ಷನ್ನನ್ನು ಈ ಎರಡು ಕಡೆಗೂ ಹಂಚಬಹುದಾ? ಮಾಡಿದವರು ಯಾರಾದರೂ ಇದ್ದೀರಾ?

ಬೆಂಗಳೂರಲ್ಲಿರುವ ಮಲೆನಾಡಿಗ

ಮೆಶ್ ವೈಫೈ ಹಾಕಿ ಸರ್. ನಮ್ಮ ಮೂರು ಮಹಡಿ ಮನೆಗೆ ಮೂರು ಡಬ್ಬಿ ಇಟ್ಟಿದ್ದೇವೆ, ಎಲ್ಲ ಮೂಲೆಗೂ ಬರುತ್ತದೆ.

ಕಂಬ ಹತ್ತುವವ, ಹಾಸನ

ಮೆಶ್ ಡಬ್ಬಿ ಮನೆಯೊಳಗಿನ ಕೆಲಸಕ್ಕೆ. ತೋಟದಲ್ಲಿ ನೂರು ಮೀಟರ್ ದಾಟುವುದೇ ಕಷ್ಟ.

ನಿಮಗೆ ಬೇಕಾಗಿರುವುದು ಪಾಯಿಂಟ್ ಟು ಪಾಯಿಂಟ್ ಲಿಂಕ್. ಈ ಕಡೆ ಒಂದು ಸಣ್ಣ ಡಿಶ್, ಆ ಕಡೆ ಒಂದು. ಎರಡೂ ಒಂದನ್ನೊಂದು ನೋಡುತ್ತಿರಬೇಕು. ಮಧ್ಯೆ ಉದ್ದನೆಯ ಕೇಬಲ್ ಎಳೆದ ಹಾಗೆಯೇ ಕೆಲಸ ಮಾಡುತ್ತದೆ. 3.8 ಕಿ.ಮೀ. ಅನ್ನುವುದು ದೊಡ್ಡ ದೂರವೇ ಅಲ್ಲ. 23 ಡಿಬಿಐ (ಡಿಶ್ ಸಿಗ್ನಲನ್ನು ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವ ಅಳತೆ) ಡಿಶ್ ಇರುವ ಟಿಪಿ-ಲಿಂಕ್ ಸಿಪಿಇ610, ಯುಬಿಕ್ವಿಟಿಯ ಲೈಟ್‌ಬೀಮ್, ಮೈಕ್ರೋಟಿಕ್‌ನ ಎಲ್‌ಎಚ್‌ಜಿ, ಯಾವುದಾದರೂ ಆಗುತ್ತದೆ. ಒಂದು ಮಾತು ಗಮನದಲ್ಲಿರಲಿ. ಸಿಪಿಇ610 ಡಬ್ಬಿ ಮೇಲೆ 300 ಎಂಬಿಪಿಎಸ್ ಅಂತ ಇರುತ್ತದೆ, ಆದರೆ ಅದರ ಕೇಬಲ್ ಪೋರ್ಟ್ 100ರದ್ದು. ನಿಮ್ಮ ಪ್ಲಾನೇ 100 ಆದ್ದರಿಂದ ನಷ್ಟವಿಲ್ಲ. ಮುಂದೆ ಪ್ಲಾನ್ ಏರಿಸುವ ಯೋಚನೆ ಇದ್ದರೆ ಲೈಟ್‌ಬೀಮ್ 5ಎಸಿ ನೋಡಿ, ಅದರಲ್ಲಿ ಗಿಗಾಬಿಟ್ ಪೋರ್ಟ್ ಇದೆ.

ಈಗ ನನ್ನ ಪ್ರಶ್ನೆ. ನಿಮ್ಮ ಮನೆಯ ತಾರಸಿಯಿಂದ ಆಚೆ ತೋಟದ ಯಾವ ಜಾಗವಾದರೂ ಕಣ್ಣಿಗೆ ಕಾಣುತ್ತದಾ? ಮೊದಲು ಇದಕ್ಕೆ ಉತ್ತರ ಬೇಕು. ಡಬ್ಬಿ ಯಾವುದು ಅನ್ನುವುದು ಆಮೇಲೆ.

ಸಕಲೇಶಪುರ ಸಿಲ್ವರ್

ಮೇಲಿನವರು ಹೇಳಿದ ಕೊನೆಯ ಮಾತು ಬರೆದಿಟ್ಟುಕೊಳ್ಳಿ. ನಾನು ಇದರಲ್ಲಿ ಒಂದು ವರ್ಷ ಕಳೆದುಕೊಂಡಿದ್ದೇನೆ.

ನಮ್ಮದು ಹಾನಬಾಳು ಕಡೆ. ಮನೆಯಿಂದ ಗೋಡೌನಿಗೆ 1.9 ಕಿ.ಮೀ. ಲಿಂಕ್ ಹಾಕಿದೆವು. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮುಗಿದ ವಾರವೇ ಹಾಕಿದ್ದರಿಂದ ಎಲ್ಲ ಬೋಳಾಗಿ, ಗೋಡೌನಿನ ಶೀಟು ಚೆನ್ನಾಗಿ ಕಾಣುತ್ತಿತ್ತು. ಮೂರು ತಿಂಗಳು ಅದ್ಭುತವಾಗಿ ಓಡಿತು. ಮಳೆ ಹಿಡಿದ ಮೇಲೆ ದಿನಕ್ಕೆ ನಾಲ್ಕು ಸಲ ಕಟ್. ದೀಪಾವಳಿ ಹೊತ್ತಿಗೆ ಪೂರ್ತಿ ನಿಂತಿತು. ನಾನು ಡಬ್ಬಿ ಕೆಟ್ಟಿದೆ ಅಂದುಕೊಂಡು ಹೊಸ ಜೋಡಿ ತಂದೆ. ಅದೂ ಹಾಗೇ. ಕೊನೆಗೆ ಮೇಸ್ತ್ರಿ ಏಣಿ ಹತ್ತಿ ನೋಡಿ ಹೇಳಿದ, "ಅಣ್ಣಾ, ಚಿಗುರು ಬಂದು ಗೋಡೌನೇ ಕಾಣ್ತಿಲ್ಲ" ಅಂತ. ಸಿಲ್ವರ್ ಓಕ್ ಎಷ್ಟು ಬೇಗ ಮೇಲೆ ಹೋಗುತ್ತದೆ ಅಂತ ನಮಗೆ ಗೊತ್ತಿದ್ದದ್ದೇ. ಆದರೂ ಲಿಂಕಿನ ವಿಷಯದಲ್ಲಿ ನೆನಪಾಗಲಿಲ್ಲ.

ಆದ್ದರಿಂದ ಈಗ ಕಾಣುತ್ತದಾ ಅಂತ ಮಾತ್ರ ನೋಡಬೇಡಿ. ಇನ್ನು ಮೂರು ವರ್ಷಕ್ಕೆ ಆ ಮರ ಎಲ್ಲಿರುತ್ತದೆ ಅಂತ ನೋಡಿ.

ತೋಟದಮನೆ

ಮೊದಲಿಗೆ, ನಾನು ಸರ್ ಅಲ್ಲ, ಮೇಡಂ. ಅಪ್ಪ ತೀರಿಹೋದ ಮೇಲೆ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ.

ತಾರಸಿಯಿಂದ ಆಚೆ ತೋಟದ ಮನೆಗಳು ಕಾಣುವುದಿಲ್ಲ. ಅದರ ಮೇಲಿನ ಬೋಳುಗುಡ್ಡ ಮಾತ್ರ ಕಾಣುತ್ತದೆ. ಹಾಗಾದರೆ ಗುಡ್ಡದ ಮೇಲೊಂದು ಕಂಬ ನೆಟ್ಟು, ಸೋಲಾರ್ ಇಟ್ಟು, ಅಲ್ಲಿಂದ ಕೆಳಗೆ ಇಳಿಸಬಹುದಲ್ವಾ?

ಬೇಲೂರು ಮೇಷ್ಟ್ರು

ಕಣ್ಣಿಗೆ ಕಂಡರೆ ಸಾಕು ಅನ್ನುವುದೂ ಪೂರ್ತಿ ನಿಜವಲ್ಲ. ರೇಡಿಯೋ ಅಲೆ ದಾರದ ಹಾಗೆ ಹೋಗುವುದಿಲ್ಲ. ಎರಡೂ ತುದಿಯಲ್ಲಿ ಚೂಪಾಗಿ, ಮಧ್ಯದಲ್ಲಿ ದಪ್ಪಗಾಗಿ, ಸೌತೆಕಾಯಿಯ ಆಕಾರದಲ್ಲಿ ಜಾಗ ಕೇಳುತ್ತದೆ. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ನಿಮ್ಮ 3.8 ಕಿ.ಮೀ.ಗೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಅದರ ತ್ರಿಜ್ಯ 7 ಮೀಟರ್. ಅದರಲ್ಲಿ ಕನಿಷ್ಠ ನೂರಕ್ಕೆ 60 ಭಾಗ, ಅಂದರೆ ನೋಟದ ಗೆರೆಯಿಂದ ಕೆಳಗೂ ಪಕ್ಕಕ್ಕೂ 4 ಮೀಟರಿನಷ್ಟು ಖಾಲಿ ಇರಬೇಕು. ಮರದ ತುದಿ ಗೆರೆಗೆ ತಾಗದಿದ್ದರೂ ಎರಡು ಮೀಟರ್ ಕೆಳಗಿದ್ದರೆ ಸಿಗ್ನಲ್ ತಿನ್ನುತ್ತದೆ. ನಿಮಗೆ ಅನುಕೂಲ ಏನೆಂದರೆ ಮಧ್ಯದಲ್ಲಿ ಹಳ್ಳ ಇದೆ. ಹಳ್ಳದ ಮೇಲೆ ಜಾಗಕ್ಕೆ ಬರವಿಲ್ಲ. ತೊಂದರೆ ಬರುವುದು ಎರಡು ತುದಿಗಳ ಹತ್ತಿರ.

ದೂರದ ಬಗ್ಗೆ ಹೆದರಬೇಡಿ. 2007ರಲ್ಲಿ ವೆನೆಜುವೆಲಾದಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಎಂಬುವರು ಎರಡು ಬೆಟ್ಟಗಳ ನಡುವೆ 382 ಕಿ.ಮೀ. ವೈಫೈ ದಾಟಿಸಿ ತೋರಿಸಿದರು. ಪಕ್ಕದ ತಮಿಳುನಾಡಿನ ಥೇಣಿ ಕಡೆ ಅರವಿಂದ ಕಣ್ಣಾಸ್ಪತ್ರೆಯವರು ಹಳ್ಳಿಯ ಕೇಂದ್ರಗಳನ್ನು ಇದೇ ಬಗೆಯ ದೂರದ ವೈಫೈನಿಂದ ಜೋಡಿಸಿ, ಡಾಕ್ಟರು ಊರಲ್ಲೇ ಕೂತು ವಿಡಿಯೋದಲ್ಲಿ ರೋಗಿಗಳನ್ನು ಮಾತಾಡಿಸುವಂತೆ ಮಾಡಿದರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಅದಕ್ಕೆ ಕೈಜೋಡಿಸಿದ್ದರು. ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ 36,000 ಕಿ.ಮೀ. ಮೇಲಿನ ಉಪಗ್ರಹದ ಜೊತೆ ಮಾತುಕತೆ ನಡೆಯುತ್ತದೆ. ಮಧ್ಯೆ ಒಂದು ಎಲೆಯೂ ಇಲ್ಲ, ಅದಕ್ಕೇ ನಡೆಯುತ್ತದೆ.

ಕೊಪ್ಪದ ಅಡಿಕೆ

ಎಲ್ಲರೂ 5 ಗಿಗಾಹರ್ಟ್ಸ್ ಅಂತೀರಿ. ಮರ ಇರುವ ಕಡೆ 2.4 ಹಾಕಬೇಕು. ಅದು ಎಲೆಯೊಳಗೆ ಚೆನ್ನಾಗಿ ನುಗ್ಗುತ್ತದೆ. ನಮ್ಮ ಮನೆಯಿಂದ ಪಂಪ್‌ಹೌಸಿಗೆ 2.4ರಲ್ಲೇ ಇದೆ, ಮಧ್ಯೆ ಅಡಿಕೆ ಮರಗಳಿವೆ, ಓಡುತ್ತಿದೆ.

ಕಂಬ ಹತ್ತುವವ, ಹಾಸನ

ಎಷ್ಟು ದೂರ ಅಣ್ಣ ನಿಮ್ಮದು?

ಕೊಪ್ಪದ ಅಡಿಕೆ

250 ಮೀಟರ್ ಇರಬಹುದು.

ಕಂಬ ಹತ್ತುವವ, ಹಾಸನ

ಅದಕ್ಕೇ ಓಡುತ್ತಿದೆ. 2.4 ಎಲೆಯಲ್ಲಿ ಸ್ವಲ್ಪ ಕಡಿಮೆ ಸಾಯುತ್ತದೆ ಅನ್ನುವುದು ನಿಜ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಎರಡು ಸಾಲು ಸಿಲ್ವರ್, ಅದರ ಮೈತುಂಬ ಮೆಣಸಿನ ಬಳ್ಳಿ, ಮೇಲೆ ಮಳೆನೀರು. ಅದನ್ನು 2.4 ಕೂಡ ದಾಟುವುದಿಲ್ಲ. ಅಲ್ಲದೆ ಮೇಷ್ಟ್ರು ಹೇಳಿದ ಸೌತೆಕಾಯಿ 2.4ರಲ್ಲಿ ಇನ್ನೂ ದಪ್ಪ ಆಗುತ್ತದೆ.

ಬೇಲೂರು ಮೇಷ್ಟ್ರು

ಹೌದು. ಅದೇ 3.8 ಕಿ.ಮೀ.ಗೆ 2.4ರಲ್ಲಿ 11 ಮೀಟರ್ ಆಗುತ್ತದೆ. 7 ಎಲ್ಲಿ, 11 ಎಲ್ಲಿ!

ಕೊಪ್ಪದ ಅಡಿಕೆ

ಒಪ್ಪಿದೆ. ಆದರೆ ಇನ್ನೂರು ಮುನ್ನೂರು ಮೀಟರಿಗೆ 2.4 ಸಾಕು ಅನ್ನುವುದನ್ನು ನಾನು ಬಿಡುವುದಿಲ್ಲ. ಎಲ್ಲರಿಗೂ ಡಿಶ್ ಬೇಕಾಗಿಲ್ಲ.

ಮಳೆಮಾಪಕ, ಕೊಟ್ಟಿಗೆಹಾರ

ನಮ್ಮ ಕಡೆ ಮಳೆ ಹೇಗೆ ಅಂತ ಎಲ್ಲರಿಗೂ ಗೊತ್ತು. ಮಳೆ ಬಂದರೆ ವೈರ್‌ಲೆಸ್ ಹೋಗುತ್ತದೆ ಅನ್ನುವ ಮಾತು ಬಹಳ ಕೇಳುತ್ತೇನೆ. 5 ಗಿಗಾಹರ್ಟ್ಸ್‌ನಲ್ಲಿ ಅದು ತಪ್ಪು. ನಾಲ್ಕು ಕಿ.ಮೀ.ಗೆ ಎಂಥ ಜಡಿಮಳೆಯಲ್ಲೂ ಹೋಗುವುದು ಕೆಲವೇ ಡಿಬಿ (ಸಿಗ್ನಲ್ ಎಷ್ಟು ಕುಗ್ಗಿತು ಅನ್ನುವ ಅಳತೆ) ಅಷ್ಟೇ. ಮಂಜಿಗೆ ಏನೂ ಆಗುವುದಿಲ್ಲ. ನೆನೆದ ಎಲೆ ಬೇರೆ ವಿಷಯ. ಒಣಗಿದ್ದಾಗ ಹೇಗೋ ದಾಟುತ್ತಿದ್ದ ಸಿಗ್ನಲ್ ಎಲೆ ತೊಯ್ದ ಕೂಡಲೇ ಸಾಯುತ್ತದೆ. ಜನ ಮಳೆಯನ್ನು ಬೈಯುತ್ತಾರೆ, ತಪ್ಪು ಮರದ್ದು.

60 ಗಿಗಾಹರ್ಟ್ಸ್ ಡಬ್ಬಿ ಮಾತ್ರ ಯಾರು ಹೇಳಿದರೂ ತೆಗೆದುಕೊಳ್ಳಬೇಡಿ. ಅಲ್ಲಿ ಗಾಳಿಯ ಆಮ್ಲಜನಕವೇ ಕಿಲೋಮೀಟರಿಗೆ ಸುಮಾರು 15 ಡಿಬಿ ತಿನ್ನುತ್ತದೆ. ಅದರ ಮೇಲೆ ನಮ್ಮ ಜುಲೈ ಮಳೆ ಸೇರಿದರೆ ಮುಗಿಯಿತು.

ಆಲ್ದೂರು ಎಲೆಕ್ಟ್ರಿಷಿಯನ್

ಗುಡ್ಡದ ಮೇಲಿನ ಸೋಲಾರ್ ಬಗ್ಗೆ. 100 ವ್ಯಾಟ್ ಪ್ಯಾನಲ್, ಒಂದು ಕಾರ್ ಬ್ಯಾಟರಿ ಇದ್ದರೆ ಸಾಕು. ಎರಡು ಡಬ್ಬಿ ಏನು ಮಹಾ ಕರೆಂಟ್ ತಿನ್ನುತ್ತವೆ?

ಮಳೆಮಾಪಕ, ಕೊಟ್ಟಿಗೆಹಾರ

ಅಣ್ಣ, ಬಯಲುಸೀಮೆಗೆ ನಿಮ್ಮ ಲೆಕ್ಕ ಸರಿ. ಇಲ್ಲಿಗೆ ಆಗುವುದಿಲ್ಲ. ಎರಡು ರೇಡಿಯೋ, ಒಂದು ಸ್ವಿಚ್ ಸೇರಿ 18 ವ್ಯಾಟ್ ಅಂದುಕೊಳ್ಳಿ. ದಿನಕ್ಕೆ 430 ವ್ಯಾಟ್‌ಅವರ್. ಜುಲೈನಲ್ಲಿ ನಮಗೆ ಪೂರ್ತಿ ಬಿಸಿಲಿನ ಲೆಕ್ಕದಲ್ಲಿ ಒಂದು ಗಂಟೆ ಸಿಕ್ಕರೆ ಹೆಚ್ಚು. ಆಗ ಪ್ಯಾನಲ್ಲೇ 400 ವ್ಯಾಟ್ ಮೇಲೆ ಬೇಕು. ಮೂರು ದಿನ ಕತ್ತಲು ತಡೆಯಬೇಕೆಂದರೆ ಬ್ಯಾಟರಿ 1,300 ವ್ಯಾಟ್‌ಅವರ್ ಕೊಡಬೇಕು. ಅಂದರೆ 12 ವೋಲ್ಟಿನ 150 ಎಎಚ್ ಲೆಡ್ ಬ್ಯಾಟರಿ, ಇಲ್ಲವೇ 100 ಎಎಚ್ ಲಿಥಿಯಂ. ಕಾರ್ ಬ್ಯಾಟರಿ ಇಂಥ ಕೆಲಸಕ್ಕೆ ಮಾಡಿದ್ದೇ ಅಲ್ಲ. ದಿನಾ ಪೂರ್ತಿ ಇಳಿಸಿದರೆ ಒಂದು ಮಳೆಗಾಲ ಬಾಳುವುದಿಲ್ಲ.

ಆಲ್ದೂರು ಎಲೆಕ್ಟ್ರಿಷಿಯನ್

ಸರಿ, 24 ಗಂಟೆ ಓಡಬೇಕು ಅನ್ನುವುದನ್ನು ನಾನು ಲೆಕ್ಕ ಹಾಕಿರಲಿಲ್ಲ. ನನ್ನ ಅನುಭವ ಸೋಲಾರ್ ಬೇಲಿಯದ್ದು. ಅದು ರಾತ್ರಿ ಮಾತ್ರ.

ಆಲೂರಿನವನು

ಗುಡ್ಡದ ಮೇಲೆ ಕಂಬ ನೆಡುವ ಮೊದಲು ಆನೆ ದಾರಿ ನೋಡಿ. ನಮ್ಮಲ್ಲಿ ಬೇಲಿ ಕಂಬ ಕಿತ್ತು ಎಸೆದದ್ದು ಲೆಕ್ಕವಿಲ್ಲ. ಗೈ ವೈರ್ (ಬೀಳದಂತೆ ಎಳೆದು ಕಟ್ಟುವ ತಂತಿ) ಕಟ್ಟಿದ ಕಂಬ ಇದ್ದರೆ ಸೊಂಡಿಲು ಹಾಕಿ ಎಳೆದೇ ನೋಡುತ್ತದೆ. ಹಾಗೆ ಕೇಳಿದರೆ ನಮಗೆ ಇಂಟರ್ನೆಟ್ ಬೇಕಾದದ್ದೇ ಆನೆಗಾಗಿ. ಬೆಳಿಗ್ಗೆ ವಾಟ್ಸ್ಯಾಪ್ ನೋಡದೆ ಆಳುಗಳನ್ನು ತೋಟಕ್ಕೆ ಕಳಿಸುವುದಿಲ್ಲ. ಒಂಟಿ ಸಲಗ ಪಕ್ಕದ ತೋಟದಲ್ಲಿದೆ ಅನ್ನುವ ಮೆಸೇಜು ಲೈನ್ ಮನೆಗೆ ಹತ್ತು ನಿಮಿಷ ಮೊದಲು ಸಿಕ್ಕರೆ ಒಂದು ಜೀವ ಉಳಿಯುತ್ತದೆ. ಕ್ಯಾಮೆರಾ, ಸಿನಿಮಾ ಎಲ್ಲ ಆಮೇಲೆ.

ತೋಟದಮನೆ

ಇದು ನಿಜವಾದ ಮಾತು. ಇತ್ತೀಚೆಗೆ ನಮ್ಮ ಕಡೆಗೂ ಬರುತ್ತಿವೆ. ಹೋದ ತಿಂಗಳು ಹಳ್ಳದಲ್ಲಿ ಲದ್ದಿ ಇತ್ತು.

ಕಾನೂನು ಓದುವವಳು

ಆ ಬೋಳುಗುಡ್ಡ ನಿಮ್ಮ ಖಾತೆಯದ್ದಾ? ಅಲ್ಲದಿದ್ದರೆ ಕಂಬ ನೆಡಬೇಡಿ. ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಇನ್ನೊಂದು ವಿಷಯ, ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 5 ಗಿಗಾಹರ್ಟ್ಸ್ ತರಂಗ ಬಳಸಲು ಪರವಾನಗಿ ಬೇಡ. 2018ರ ಅಧಿಸೂಚನೆಯಲ್ಲಿ ಅದನ್ನು ಹೊರಾಂಗಣಕ್ಕೂ ಮುಕ್ತ ಮಾಡಿದ್ದಾರೆ. 5725ರಿಂದ 5875 ಮೆಗಾಹರ್ಟ್ಸ್‌ನಲ್ಲಿ ಡಿಶ್ ಸೇರಿ 4 ವ್ಯಾಟ್, ಅಂದರೆ 36 ಡಿಬಿಎಂ ಮಿತಿ. ಡಬ್ಬಿಯ ಸೆಟ್ಟಿಂಗಿನಲ್ಲಿ ದೇಶ ಭಾರತ ಅಂತಲೇ ಇಡಿ. ಆದರೆ ತರಂಗ ಮುಕ್ತ ಅಂದ ಮಾತ್ರಕ್ಕೆ ಇಂಟರ್ನೆಟ್ ಮಾರುವುದು ಮುಕ್ತ ಅಲ್ಲ. ನಿಮ್ಮದೇ ಎರಡು ತೋಟಕ್ಕೆ ಬಳಸಿಕೊಳ್ಳುವುದು ಬೇರೆ. ಪಕ್ಕದ ತೋಟದವರಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಕೊಡುವುದು ಬೇರೆ. ಅದು ಐಎಸ್‌ಪಿ ಕೆಲಸ, ಅದಕ್ಕೆ ಪರವಾನಗಿ ಬೇಕು. ನಿಮ್ಮ ಕನೆಕ್ಷನ್ನಿನಿಂದ ಯಾರೇ ಏನೇ ಮಾಡಿದರೂ ಮೊದಲು ವಿಚಾರಣೆ ಬರುವುದು ನಿಮ್ಮ ಹೆಸರಿಗೆ. ಕನೆಕ್ಷನ್ ಕೊಟ್ಟವರ ಷರತ್ತನ್ನೂ ಒಮ್ಮೆ ಓದಿ.

ಸಕಲೇಶಪುರ ಸಿಲ್ವರ್

ಹಾಗಾದರೆ ಊರಿನವರು ಸೇರಿ ಹಂಚಿಕೊಳ್ಳುವುದಕ್ಕೆ ದಾರಿಯೇ ಇಲ್ವಾ? ನಮ್ಮ ಕಡೆ ಎಂಟು ಮನೆಗೆ ಒಂದೇ ಫೈಬರ್ ಬಂದಿದೆ. ಮಿಕ್ಕವರಿಗೆ ಕಂಬ ಇಲ್ಲ ಅಂತ ಕೊಡುತ್ತಿಲ್ಲ. ಇದು ನ್ಯಾಯವಾ?

ಕಾನೂನು ಓದುವವಳು

ನ್ಯಾಯ ಅಲ್ಲ ಅಂತಲೇ ನನ್ನ ಅನಿಸಿಕೆಯೂ. ದಾರಿ ಇದೆ, ಪಿಎಂ-ವಾಣಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಅದರಲ್ಲಿ ಅಂಗಡಿಯವರು ಪಿಡಿಒ (ಪಬ್ಲಿಕ್ ಡೇಟಾ ಆಫೀಸ್, ಪಂಚಾಯಿತಿಯ ಪಿಡಿಒ ಅಲ್ಲ) ಆಗಿ ವೈಫೈ ಮಾರಬಹುದು. ಅವರಿಗೆ ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ. ಪಿಡಿಒಎ ಎಂಬ ಮೇಲಿನ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಬೇಕು, ಬಳಸುವವರ ಗುರುತು ಅವರ ಮೂಲಕ ದಾಖಲಾಗುತ್ತದೆ. ಎಂಟು ಮನೆ ನಡುವೆ ಒಂದು ಅಂಗಡಿ ಇದ್ದರೆ ಅವರನ್ನು ಕೇಳಿ ನೋಡಿ.

ಬೆಂಗಳೂರಲ್ಲಿರುವ ಮಲೆನಾಡಿಗ

ಇಷ್ಟೆಲ್ಲ ಒದ್ದಾಡುವ ಬದಲು ಸ್ಟಾರ್‌ಲಿಂಕ್‌ಗೆ ಕಾಯಬಹುದಲ್ಲ? 2025ರ ಜೂನಿನಲ್ಲೇ ಪರವಾನಗಿ ಸಿಕ್ಕಿದೆ.

ಕಂಬ ಹತ್ತುವವ, ಹಾಸನ

ಅದಕ್ಕೂ ಆಕಾಶ ಬಯಲಾಗಿ ಕಾಣಬೇಕು. ನೆರಳು ಮರದ ಕೆಳಗೆ ಇಟ್ಟರೆ ಅದೂ ಅಷ್ಟೇ. ಮತ್ತೆ ತಿಂಗಳು ತಿಂಗಳು ಇನ್ನೊಂದು ಬಿಲ್. ಇವರ ಮನೆಯಲ್ಲಿ ಆಗಲೇ 100 ಎಂಬಿಪಿಎಸ್ ಸುಮ್ನೆ ಬಿದ್ದಿದೆ. ಅದನ್ನು ಬಳಸಿಕೊಳ್ಳುವುದೇ ಸರಿ.

ಮೇಡಂ, ಕಣಕ್ಕೆ ವೈರ್‌ಲೆಸ್ ಬೇಡ. 700 ಮೀಟರ್ ನಿಮ್ಮದೇ ತೋಟದೊಳಗೆ. ಫೈಬರ್ ಎಳೆಯಿರಿ. ಎರಡು ಎಳೆಯ ಡ್ರಾಪ್ ಕೇಬಲ್ (ತೆಳು ಫೈಬರ್), ಎರಡು ತುದಿಗೆ ಫೈಬರನ್ನು ಮಾಮೂಲಿ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಮಾಮೂಲಿ ನೆಟ್‌ವರ್ಕ್ ಕೇಬಲ್ 100 ಮೀಟರ್ ಮೇಲೆ ಹೋಗುವುದಿಲ್ಲ, ಫೈಬರಿಗೆ ಆ ತೊಂದರೆ ಇಲ್ಲ.

ಕೊಪ್ಪದ ಅಡಿಕೆ

ಕೊಂಬೆ ಬಿದ್ದರೆ?

ಕಂಬ ಹತ್ತುವವ, ಹಾಸನ

ತುಂಡಾಗುತ್ತದೆ. ಅದಕ್ಕೇ ಕಾಲುದಾರಿ ಪಕ್ಕದಲ್ಲಿ ಎಚ್‌ಡಿಪಿಇ ಪೈಪಿನೊಳಗೆ ಹೂಳುವುದು ಒಳ್ಳೆಯದು. ತೋಟದಲ್ಲಿ ಹಳೇ ಸ್ಪ್ರಿಂಕ್ಲರ್ ಪೈಪ್ ಇರುತ್ತದಲ್ವಾ, ಅದೇ ಸಾಕು. ಕರೆಂಟ್ ಕಂಬಕ್ಕೆ ಮಾತ್ರ ಕಟ್ಟಬೇಡಿ.

ಇನ್ನೊಂದು ಲಾಭ, ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯೊಳಗೆ ತರಬೇಡಿ, ಹೊರಗೇ ಕತ್ತರಿಸಿ. ಅದನ್ನು ಬಿಟ್ಟು ಸುಟ್ಟುಕೊಂಡವರನ್ನು ನೋಡಿದ್ದೇನೆ.

ಆಲ್ದೂರು ಎಲೆಕ್ಟ್ರಿಷಿಯನ್

ಸಿಡಿಲಿನ ವಿಷಯ ಬಂದದ್ದು ಒಳ್ಳೆಯದಾಯಿತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಾನು ರಿಪೇರಿಗೆ ಹೋಗುವ ಹತ್ತರಲ್ಲಿ ಆರು ಮನೆಯಲ್ಲಿ ಸುಟ್ಟಿರುವುದು ಮೋಡೆಮ್ಮೇ. ಸಿಡಿಲು ನೇರವಾಗಿ ಬೀಳಬೇಕಾಗಿಲ್ಲ. ಪಕ್ಕದ ತೆಂಗಿನ ಮರಕ್ಕೆ ಬಿದ್ದರೂ ಉದ್ದ ಕೇಬಲ್ಲಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಡಿಶ್ ಕಂಬಕ್ಕೆ ಬೇರೆಯಾಗಿ ಅರ್ತ್ ಗುಂಡಿ ತೋಡಿ, ಮನೆಯ ಅರ್ತ್‌ಗೂ ಅದಕ್ಕೂ ದಪ್ಪ ತಂತಿಯಲ್ಲಿ ಕೊಂಡಿ ಹಾಕಿ. ಎರಡು ಅರ್ತ್ ಬಿಡಿಬಿಡಿಯಾಗಿ ಬಿಟ್ಟರೆ ವೋಲ್ಟೇಜ್ ವ್ಯತ್ಯಾಸ ನಿಮ್ಮ ಡಬ್ಬಿಯ ಮೂಲಕವೇ ಸಮ ಆಗುತ್ತದೆ. ವೋಲ್ಟೇಜ್ ಏಟು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿ. ಅರ್ತ್ ಇಲ್ಲದೆ ಅದನ್ನು ಹಾಕಿದರೆ ಪ್ರಯೋಜನವಿಲ್ಲ.

ಕೇಬಲ್ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ. ಅದರಲ್ಲೇ ಡಬ್ಬಿಗೆ ಕರೆಂಟೂ ಹೋಗಬೇಕಾದ್ದರಿಂದ ಉದ್ದ ಹೆಚ್ಚಾದಾಗ ವೋಲ್ಟೇಜ್ ಸಾಲದೆ ಡಬ್ಬಿ ಆಗಾಗ ರೀಸ್ಟಾರ್ಟ್ ಆಗುತ್ತದೆ.

ಬೇಲೂರು ಮೇಷ್ಟ್ರು

ತೋಟದಮನೆಯವರೇ, ಗುಡ್ಡದ ಯೋಚನೆಗೆ ಇಳಿಯುವ ಮೊದಲು ಒಂದು ಕನ್ನಡಿ ಪರೀಕ್ಷೆ ಮಾಡಿ. ಬಿಸಿಲಿರುವಾಗ ಆಚೆ ತೋಟದಲ್ಲಿ ಒಬ್ಬರು ಮುಖ ನೋಡುವ ಕನ್ನಡಿ ಹಿಡಿದು ನಿಮ್ಮ ಮನೆ ಕಡೆ ಬಿಸಿಲು ತಿರುಗಿಸಲಿ. ನೀವು ತಾರಸಿಯ ನೀರಿನ ಟ್ಯಾಂಕ್ ಮೇಲಿಂದ ನೋಡಿ. ಸಣ್ಣ ಕನ್ನಡಿಯ ಮಿಂಚು ನಾಲ್ಕು ಕಿ.ಮೀ.ಗೆ ಚೆನ್ನಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಎತ್ತರದ ನಕ್ಷೆ ನೋಡಿದರೆ ನೆಲ ಮಾತ್ರ ತಿಳಿಯುತ್ತದೆ, ಮರ ತಿಳಿಯುವುದಿಲ್ಲ.

ತೋಟದಮನೆ | ಫೆಬ್ರವರಿ 23

ಕನ್ನಡಿ ಪರೀಕ್ಷೆ ಮಾಡಿದೆವು! ರೈಟರ್ ಮಗಳೇ ಕನ್ನಡಿ ಹಿಡಿದಳು. ಲೈನ್ ಮನೆ ಹತ್ತಿರ ಕಾಣಲಿಲ್ಲ. ಹಳೇ ಬಂಗಲೆ ಮಾಡಿನ ಮೇಲಿಂದಲೂ ಕಾಣಲಿಲ್ಲ. ಕೊನೆಗೆ ಪಂಪ್‌ಹೌಸಿನ ಮೇಲಿರುವ ಸಿಮೆಂಟ್ ಟ್ಯಾಂಕ್ ಹತ್ತಿದಳು. ನಕ್ಷತ್ರದ ಹಾಗೆ ಮಿಂಚಿತು. ನಾನು ಇಲ್ಲಿಂದ ಕೂಗಿದ್ದು ಆಳುಗಳಿಗೆಲ್ಲ ಕೇಳಿಸಿತಂತೆ.

ಟ್ಯಾಂಕಿನ ಪಕ್ಕದಲ್ಲೇ ಕರೆಂಟ್ ಇದೆ. ಜಾಗ ನಮ್ಮದೇ ಖಾತೆ. ಅಂದರೆ ಗುಡ್ಡವೂ ಬೇಡ, ಸೋಲಾರೂ ಬೇಡ, 60 ಅಡಿ ಟವರೂ ಬೇಡ. ಟ್ಯಾಂಕಿನ ಮೇಲೆ 10 ಅಡಿ ಜಿಐ ಪೈಪ್ ಸಾಕು.

ಸಕಲೇಶಪುರ ಸಿಲ್ವರ್

ಭಲೇ! ಆದರೆ ಮಧ್ಯದ ಮರ ಲೆಕ್ಕ ಹಾಕಿದ್ರಾ?

ತೋಟದಮನೆ | ಮಾರ್ಚ್ 15

ಮರದ ಮಾತಿಗೇ ಬಂದೆ. ಸಿಪಿಇ610 ಜೋಡಿ ತಂದು ಹಾಕಿಸಿದೆವು. ಲಿಂಕ್ ಬಂದಿದೆ. ಆದರೆ ಸಿಗ್ನಲ್ ಮೈನಸ್ 74 ಡಿಬಿಎಂ ತೋರಿಸುತ್ತಿದೆ (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದಂತೆ). ವೇಗ ಕೆಲವೊಮ್ಮೆ 30, ಕೆಲವೊಮ್ಮೆ 8. ಗಾಳಿ ಬೀಸಿದರೆ ಕಡಿಮೆ ಆಗುತ್ತದೆ. ಇದೇ ಸಾಕಾ, ಇನ್ನೂ ಏನಾದರೂ ಮಾಡಬೇಕಾ?

ಬೇಲೂರು ಮೇಷ್ಟ್ರು

ಸಾಲದು. ಲೆಕ್ಕ ಮಾಡೋಣ. ಹೊರಡುವುದು ಮಿತಿಯಷ್ಟೇ, 36 ಡಿಬಿಎಂ. ದಾರಿಯಲ್ಲಿ ಕಳೆಯುವುದು 3.8 ಕಿ.ಮೀ.ಗೆ 119 ಡಿಬಿ. ಆಚೆ ಡಿಶ್ ಸೇರಿಸುವುದು 23. ಸಿಗಬೇಕಾದದ್ದು ಮೈನಸ್ 60. ನಿಮಗೆ 14 ಡಿಬಿ ಕಡಿಮೆ ಬರುತ್ತಿದೆ. ಅಂದರೆ ಬರಬೇಕಾದ ಶಕ್ತಿಯಲ್ಲಿ ಇಪ್ಪತ್ತೈದರಲ್ಲಿ ಒಂದು ಪಾಲು.

ಕಂಬ ಹತ್ತುವವ, ಹಾಸನ

ಎರಡೇ ಕಾರಣ ಇರಬಹುದು. ಒಂದು, ಡಿಶ್ಶಿನ ಮುಖ್ಯ ಕಿರಣ ಬಿಟ್ಟು ಪಕ್ಕದ ಸಣ್ಣ ಕಿರಣಕ್ಕೆ ಕೂತಿರುವುದು. ಇದು ಬಹಳ ಆಗುತ್ತದೆ. ಒಂದು ತುದಿಯನ್ನು ಹಾಗೇ ಬಿಟ್ಟು ಇನ್ನೊಂದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಪೂರ್ತಿ ತಿರುಗಿಸಿ. ಒಂದು ಕಡೆ ಏರಿ, ಇಳಿದು, ಮತ್ತೆ ಇನ್ನೂ ಜಾಸ್ತಿ ಏರಿದರೆ ಮೊದಲನೆಯದು ಸುಳ್ಳು ಶಿಖರ. ಆಮೇಲೆ ಮೇಲೆ ಕೆಳಗೆ. ಆಮೇಲೆ ಆಚೆ ತುದಿಯದ್ದು.

ಎರಡು, ಎಲೆ. ಗಾಳಿಗೆ ಬದಲಾಗುತ್ತದೆ ಅಂದಿರಲ್ಲ, ನನಗೆ ಎಲೆ ಮೇಲೇ ಅನುಮಾನ.

ಚಾನಲ್ ಅಗಲವನ್ನೂ 20 ಮೆಗಾಹರ್ಟ್ಸ್‌ಗೆ ಇಳಿಸಿ. ವೇಗ ಸ್ವಲ್ಪ ಕಡಿಮೆ, ಸ್ಥಿರತೆ ಜಾಸ್ತಿ.

ತೋಟದಮನೆ | ಮಾರ್ಚ್ 19

ತಿರುಗಿಸಿದೆವು. ಮೈನಸ್ 71 ಆಯಿತು, ಅಷ್ಟೇ. ಆಮೇಲೆ ದುರ್ಬೀನು ತೆಗೆದುಕೊಂಡು ಡಿಶ್ ಇರುವ ಎತ್ತರದಲ್ಲೇ ಕಣ್ಣಿಟ್ಟು ನೋಡಿದೆ. ನಮ್ಮ ತುದಿಯಿಂದ ಸುಮಾರು 300 ಮೀಟರಿನಲ್ಲಿ ಮೂರು ಸಿಲ್ವರ್ ಓಕ್, ಮೆಣಸು ಹಬ್ಬಿದ್ದು. ಟ್ಯಾಂಕ್ ಅದರ ತುದಿಗಿಂತ ಒಂದಾಳು ಮೇಲೆ ಕಾಣುತ್ತದೆ. ಗೆರೆಗೆ ತಾಗಿಲ್ಲ ಅಂತ ನಾನು ಬಿಟ್ಟಿದ್ದೆ.

ಬೇಲೂರು ಮೇಷ್ಟ್ರು

ಅದೇ! 300 ಮೀಟರಿನಲ್ಲಿ ಆ ಸೌತೆಕಾಯಿಯ ತ್ರಿಜ್ಯ 3.8 ಮೀಟರ್ ಇರುತ್ತದೆ. ಒಂದಾಳು ಸಾಲದು.

ತೋಟದಮನೆ | ಮಾರ್ಚ್ 22

ಮರಗಸಿ ಮಾಡುವವರನ್ನು ಕರೆಸಿ ಮೂರೂ ಮರದ ತುದಿ ಇಳಿಸಿದೆವು. ಒಂದು ಬೀಟೆ ಮರವೂ ಹತ್ತಿರದಲ್ಲಿತ್ತು. ಅದನ್ನು ಮುಟ್ಟಲಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಬದಲು ನಮ್ಮ ಕಡೆಯ ಪೈಪನ್ನು 6 ಅಡಿ ಪಕ್ಕಕ್ಕೆ ಸರಿಸಿದೆ.

ಮೈನಸ್ 62. ವೇಗ 70ರ ಮೇಲೆ, ಗಾಳಿಗೂ ಅಲ್ಲಾಡುತ್ತಿಲ್ಲ. ಪಂಪ್‌ಹೌಸಿನಿಂದ ಲೈನ್ ಮನೆಗೆ 80 ಮೀಟರ್ ಕೇಬಲ್. ಅಲ್ಲಿ ಹಳೇ ರೂಟರ್ ಇಟ್ಟೆವು, ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆರಿಸಿ, ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮಾಡಿ.

ಮೊದಲ ದಿನ ರೈಟರ್ ಹೆಂಡತಿ ತವರಿಗೆ ವಿಡಿಯೋ ಕಾಲ್ ಮಾಡಿದರು. ಅವರ ತಾಯಿ ತೋಟ ತೋರಿಸು ಅಂತ ಹೇಳಿ ಕಾಫಿ ಹೂವು ನೋಡಿದರಂತೆ. ಹೂಮಳೆ ಆಗಿ ಎಂಟೊಂಬತ್ತು ದಿನ ಆಗಿತ್ತು, ತೋಟವೆಲ್ಲ ಬೆಳ್ಳಗಿತ್ತು.

ಮಳೆಮಾಪಕ, ಕೊಟ್ಟಿಗೆಹಾರ

ಓದಿ ಬಹಳ ಖುಷಿಯಾಯಿತು. ಈಗ ಮಳೆಗಾಲಕ್ಕೆ ತಯಾರಿ ಮಾಡಿ. ಕೇಬಲ್ ಡಬ್ಬಿಯೊಳಗೆ ಹೋಗುವ ಮೊದಲು ಕೆಳಗೆ ಒಂದು ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕೇಬಲ್ ತೂರುವ ರಂಧ್ರ ಮುಚ್ಚಿ. ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಬೆಚ್ಚಗಿರುತ್ತದಲ್ಲ, ಅವಕ್ಕೆ ಬಹಳ ಇಷ್ಟ.

ಆಲ್ದೂರು ಎಲೆಕ್ಟ್ರಿಷಿಯನ್

ಮಂಗಗಳು ಕೇಬಲ್ ಹಿಡಿದು ಜೋತಾಡುತ್ತವೆ. ಪಿವಿಸಿ ಪೈಪಿನೊಳಗೆ ಹಾಕಿ.

ಕೊಪ್ಪದ ಅಡಿಕೆ

ಕ್ಯಾಮೆರಾ ಏನಾಯಿತು? ನಮ್ಮಲ್ಲಿ ಕ್ಯಾಮೆರಾ ಹೊರಗಿನಿಂದ ನೋಡಲು ಆಗುತ್ತಿಲ್ಲ. ಪೋರ್ಟ್ ತೆರೆದರೂ ಬರುವುದಿಲ್ಲ.

ಕಂಬ ಹತ್ತುವವ, ಹಾಸನ

ನಿಮಗೆ ಕೊಟ್ಟಿರುವ ಐಪಿ ಬಹಳ ಜನರ ಜೊತೆ ಹಂಚಿಕೊಂಡದ್ದು ಇರಬೇಕು, ಸಿಜಿನ್ಯಾಟ್ ಅಂತಾರೆ. ಅದರಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಿ, ಇಲ್ಲವೇ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಖಾಸಗಿ ದಾರಿ) ಮಾಡಿಕೊಳ್ಳಿ. ರೆಕಾರ್ಡಿಂಗ್ ಮಾತ್ರ ಕಣದಲ್ಲಿ ಇಡಬೇಡಿ, ಮನೆಯಲ್ಲಿಡಿ. ಕಳ್ಳ ಡಬ್ಬಿಯನ್ನೂ ಒಯ್ದರೆ ಏನು ಮಾಡುತ್ತೀರಿ?

ತೋಟದಮನೆ | ಜುಲೈ 27

ಮಳೆಗಾಲದ ವರದಿ. ಒಂಬತ್ತು ದಿನ ಬಿಡದೆ ಸುರಿಯಿತು. ಸಿಗ್ನಲ್ ಮೈನಸ್ 62ರಿಂದ 64ಕ್ಕೆ ಹೋಯಿತು, ಅಷ್ಟೇ. ಮಳೆಮಾಪಕ ಅವರು ಹೇಳಿದ್ದು ಅಕ್ಷರಶಃ ಸರಿ.

ನಿಂತದ್ದು ಬೇರೆ ಕಾರಣಕ್ಕೆ. ಕರೆಂಟ್ ಹೋಗಿ ಮೂರು ದಿನ ಬರಲಿಲ್ಲ. ಆಚೆ ಪಂಪ್‌ಹೌಸಿನಲ್ಲಿ ಯುಪಿಎಸ್ ಇಟ್ಟಿದ್ದೆ, ಇಲ್ಲಿ ಮನೆಯಲ್ಲಿ ಡಿಶ್‌ಗೂ ಇತ್ತು. ಫೈಬರ್ ಡಬ್ಬಿಗೆ ಮಾತ್ರ ಇರಲಿಲ್ಲ. ಅದೊಂದು ಆರಿದ್ದಕ್ಕೆ ಎಲ್ಲವೂ ಸತ್ತಿತು. ಈಗ ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿದ್ದೇನೆ. ಮಾಡುವವರು ಇದನ್ನು ಮರೆಯಬೇಡಿ. ತುದಿಯಿಂದ ತುದಿಗೆ ಇರುವ ಡಬ್ಬಿಗಳನ್ನೆಲ್ಲ ಬೆರಳಿಟ್ಟು ಎಣಿಸಿ, ಪ್ರತಿಯೊಂದಕ್ಕೂ ಬ್ಯಾಕಪ್ ಕೊಡಿ.

ಮೊನ್ನೆ ರಾತ್ರಿ ಹಳ್ಳದ ಈಚೆ ಎರಡು ಆನೆ ಬಂದಿದ್ದವು. ಲೈನ್ ಮನೆಗೆ ಮೆಸೇಜು ಹೋಯಿತು, ಬೆಳಿಗ್ಗೆ ಒಂಬತ್ತರವರೆಗೆ ಯಾರೂ ಹೊರಗೆ ಬರಲಿಲ್ಲ.

ಆಲೂರಿನವನು

ಇದಕ್ಕಿಂತ ಇನ್ನೇನು ಬೇಕು ಅಕ್ಕ.

ಕಳಸದ ಹೊಸಬ

ಪೂರ್ತಿ ಓದಿದೆ. ನಮ್ಮದು 1.5 ಕಿ.ಮೀ., ಮಧ್ಯೆ ಅಡಿಕೆ ತೋಟ. ಕಂಬ ಎಷ್ಟು ಎತ್ತರ ಬೇಕು? ಡಬ್ಬಿ ಯಾವುದು ತರಲಿ?

ಸಕಲೇಶಪುರ ಸಿಲ್ವರ್

ಡಬ್ಬಿ ತರಬೇಡಿ ಇನ್ನೂ! ಅಡಿಕೆ ಮರ ಗಾಳಿಗೆ ಎಷ್ಟು ಓಲಾಡುತ್ತದೆ ಅಂತ ಗೊತ್ತಲ್ಲ. ನಿಂತಾಗ ಕಂಡದ್ದು ಗಾಳಿಗೆ ಮುಚ್ಚಿಹೋಗುತ್ತದೆ. ಗಾಳಿ ಇರುವ ದಿನವೇ ನೋಡಿ.

ತೋಟದಮನೆ

ಮಳೆ ಬಿಟ್ಟ ಮೇಲೆ ಕನ್ನಡಿ ಹಿಡಿದು ನೋಡಿ, ಆಮೇಲೆ ಹೇಳಿ. ಕಂಡರೆ ನಾವೇ ನಮ್ಮ ಬಿಡಿ ಡಿಶ್ ಜೋಡಿ ತರುತ್ತೇವೆ. ಒಂದು ದಿನ ಕಟ್ಟಿ ಪರೀಕ್ಷೆ ಮಾಡಿ, ಸರಿ ಬಂದರೆ ಆಮೇಲೆ ನಿಮ್ಮದು ಕೊಳ್ಳಿ. ಕನ್ನಡಿ ಹಿಡಿಯಲು ನಮ್ಮ ರೈಟರ್ ಮಗಳೂ ಬರುತ್ತಾಳಂತೆ, ರಜೆ ಇದ್ದರೆ.